12 ವೋಲ್ಟ್ ಫ್ಯಾನಿಗೂ ಫ್ಯೂಸ್ ಬೇಕಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ತೋಟದ ಮನೆ. ಮಳೆಗಾಲದಲ್ಲಿ ಲೈನಿಗೆ ಮಡಲು ಬಿದ್ದರೆ ಕೆಲವೊಮ್ಮೆ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ಅಮ್ಮ ಮಲಗುವ ಕೋಣೆಗೆ ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್, ಸ್ಪ್ರೇಯರಿನ ಬ್ಯಾಟರಿ, ಒಂದು ಸ್ವಿಚ್ ಸೇರಿಸಿ ಕೊಡೋಣ ಅಂತಿದ್ದೇನೆ. ಬರೀ 12 ವೋಲ್ಟ್ ಅಲ್ವಾ, ಫ್ಯೂಸ್ ಎಲ್ಲ ಬೇಕಾ? ಸ್ವಿಚ್ ಯಾವ ತಂತಿಗೆ ಹಾಕಬೇಕು?

ಉತ್ತರ: ಫ್ಯೂಸ್ ಬೇಕೇ ಬೇಕು. ಒಣಗಿದ ಕೈಯಲ್ಲಿ 12 ವೋಲ್ಟ್ ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ, ನಿಜ. ಆ ಧೈರ್ಯದಲ್ಲೇ ಜನ ಫ್ಯೂಸ್ ಬಿಟ್ಟುಬಿಡುತ್ತಾರೆ. ಆದರೆ ಇಲ್ಲಿ ಭಯ ಶಾಕಿನದಲ್ಲ, ಬೆಂಕಿಯದು.

ಸ್ಪ್ರೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 8 ಆಂಪಿಯರ್-ಅವರಿನ (ಅಂದರೆ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲದು ಎನ್ನುವ ಅಳತೆ) ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿ. ನಿಮ್ಮ ಫ್ಯಾನ್ ಎಳೆಯುವುದು ಸುಮಾರು ಕಾಲು ಆಂಪಿಯರ್. ಪ್ಲಸ್, ಮೈನಸ್ ಎರಡೂ ಎಲ್ಲಾದರೂ ನೇರವಾಗಿ ತಾಗಿದರೆ ಇದೇ ಬ್ಯಾಟರಿ ಒಂದು ಕ್ಷಣದಲ್ಲಿ ನೂರು ಆಂಪಿಯರ್‌ಗಿಂತಲೂ ಜಾಸ್ತಿ ಹರಿಸಬಲ್ಲದು. ಸಣ್ಣ ತಂತಿ ಕೆಂಪಗೆ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗಿ ಉರಿಯುತ್ತದೆ. ಪಕ್ಕದಲ್ಲೇ ಹಾಸಿಗೆ, ಸೊಳ್ಳೆಪರದೆ ಇರುವ ಕೋಣೆ ಅದು. ಕೆಲಸಕ್ಕೆ ಕೂರುವ ಮೊದಲು ಕೈಯ ಉಂಗುರ, ಬಳೆ ತೆಗೆದಿಡಿ ಎನ್ನುವುದೂ ಇದಕ್ಕೇ. ಎರಡು ಟರ್ಮಿನಲ್ ನಡುವೆ ಚಿನ್ನದ ಉಂಗುರ ಸಿಕ್ಕಿದರೆ ಬೆರಳೇ ಸುಡುತ್ತದೆ.

ಕರೆಂಟ್ ಮಿತಿ ಮೀರಿದರೆ ತಾನೇ ಕರಗಿ ಹರಿವನ್ನು ಕಡಿಯುವುದು ಫ್ಯೂಸಿನ ಕೆಲಸ. ಇಲ್ಲಿಗೆ 1 ಆಂಪಿಯರಿನದು ಸಾಕು. ಗಾಜಿನ ಸಣ್ಣ ಫ್ಯೂಸ್, ತಂತಿಯ ಮಧ್ಯೆ ಕೂರುವ ಹೋಲ್ಡರ್, ಎರಡೂ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬೈಕಿನ 10 ಆಂಪಿಯರ್ ಫ್ಯೂಸ್ ಹಾಕಬೇಡಿ, ಅದು ಹೋಗುವಷ್ಟರಲ್ಲಿ ನಿಮ್ಮ ಸಪೂರ ತಂತಿ ಕಾದಿರುತ್ತದೆ. ಎಲ್ಲಿ ಹಾಕುತ್ತೀರಿ ಎನ್ನುವುದೂ ಮುಖ್ಯ. ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ನಾಲ್ಕು ಬೆರಳಿನ ಒಳಗೇ ಇರಲಿ. ಫ್ಯಾನಿನ ಹತ್ತಿರ ಹಾಕಿದರೆ, ಅಲ್ಲಿಯವರೆಗಿನ ತಂತಿಗೆ ಕಾವಲೇ ಇಲ್ಲ.

ಸ್ವಿಚ್ ಯಾವ ತಂತಿಯಲ್ಲಿದ್ದರೂ ಫ್ಯಾನ್ ನಿಲ್ಲುತ್ತದೆ. ಆದರೂ ಫ್ಯೂಸ್ ಆದ ಮೇಲೆ ಪ್ಲಸ್ ತಂತಿಯಲ್ಲೇ ಹಾಕಿ. ಆಗ ಸ್ವಿಚ್ ಆಫ್ ಮಾಡಿದರೆ ಅದರಿಂದಾಚೆಗಿನ ತಂತಿಗೆ ಬ್ಯಾಟರಿಯ ಪ್ಲಸ್ ತಲುಪುವುದಿಲ್ಲ. ಗೋಡೆಗೆ ಹಾಕುವ ಮಾಮೂಲಿ 6 ಆಂಪಿಯರ್ ಸ್ವಿಚ್ ಈ ಸಣ್ಣ ಫ್ಯಾನಿಗೆ ಧಾರಾಳ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮನೆಯ ಸ್ವಿಚ್ ಬೋರ್ಡಿನಲ್ಲಿ ಖಾಲಿ ಜಾಗ ಇದೆ ಅಂತ ಈ ತಂತಿಯನ್ನು ಅಲ್ಲಿಗೆ ಎಳೆಯಬೇಡಿ. ಒಳಗೆ 230 ವೋಲ್ಟ್ ಇದೆ. ಒಂದು ಎಳೆ ತಾಗಿದರೂ ಅಮ್ಮನ ಕೈಗೆ ಸಿಗುವ ಫ್ಯಾನಿಗೆ ಅದು ಬಂದುಬಿಡುತ್ತದೆ. ಸ್ವಿಚ್ಚಿಗೆ ಬೇರೆಯೇ ಸಣ್ಣ ಪೆಟ್ಟಿಗೆ ಇರಲಿ.

ಫ್ಯಾನಿನ ಹಿಂದಿನ ಸ್ಟಿಕ್ಕರ್ ಓದದೆ ಮುಂದೆ ಹೋಗಬೇಡಿ. ಡಿ.ಸಿ. 12 ವೋಲ್ಟ್ ಎಂದೇ ಇರಬೇಕು. ವೆಲ್ಡಿಂಗ್ ಮೆಷಿನ್‌ನಂಥವುಗಳಲ್ಲಿ ನೋಡಲು ಹೀಗೆಯೇ ಇರುವ 230 ವೋಲ್ಟಿನ ಫ್ಯಾನ್‌ಗಳೂ ಇರುತ್ತವೆ. ಮೂರು ತಂತಿಯ ಫ್ಯಾನಿನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಹಳದಿ ವೇಗ ತಿಳಿಸುವ ತಂತಿ, ಅದರ ತುದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ. ನಾಲ್ಕು ತಂತಿ ಇದ್ದರೆ ಹುಷಾರು: ಹಲವು ಫ್ಯಾನ್‌ಗಳಲ್ಲಿ ಹಳದಿಯೇ ಪ್ಲಸ್. ಆಟಿಕೆ ಮೋಟಾರಿನಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಉಲ್ಟಾ ತಿರುಗುತ್ತದೆ ಅಷ್ಟೆ. ಇದು ಹಾಗಲ್ಲ, ತಿರುಗುವುದೇ ಇಲ್ಲ, ಹಾಳಾಗಲೂಬಹುದು.

ತಂತಿಗಳನ್ನು ಸುಮ್ನೆ ತಿರುಚಿ ಬಿಡಬೇಡಿ. ನಮ್ಮ ಕರಾವಳಿಯ ತೇವಕ್ಕೆ ತಾಮ್ರ ಹಸಿರುಗಟ್ಟಿ ಸಂದು ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಬೆಸುಗೆ ಹಾಕಿ, ಮೇಲೆ ಸ್ಲೀವ್ (ಸಂದು ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಬ್ಯಾಟರಿಗೆ ಲಗ್ (ಟರ್ಮಿನಲ್‌ಗೆ ಕೂರುವ ಲೋಹದ ತುದಿ) ಒತ್ತಿದ ತಂತಿ ಸಿಕ್ಕಿಸಿ. ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ, ಬಿಚ್ಚುವಾಗ ಮೊದಲು ತೆಗೆಯಿರಿ.

ಎಷ್ಟು ಹೊತ್ತು ಓಡುತ್ತದೆ? ಲೆಕ್ಕಕ್ಕೆ 8 ಆಂಪಿಯರ್-ಅವರನ್ನು ಕಾಲು ಆಂಪಿಯರಿನಿಂದ ಭಾಗಿಸಿದರೆ 32 ಗಂಟೆ. ಹಳೆ ಬ್ಯಾಟರಿ ಅಷ್ಟು ಕೊಡುವುದಿಲ್ಲ, ಪೂರ್ತಿ ಬಸಿದರೆ ಹಾಳೂ ಆಗುತ್ತದೆ. ಅರ್ಧ ಅಂದುಕೊಂಡರೂ ಒಂದು ರಾತ್ರಿ ಆರಾಮ. ಚಾರ್ಜನ್ನು ಸ್ಪ್ರೇಯರಿನ ಚಾರ್ಜರಿನಲ್ಲೇ ಮಾಡಿ, ಮಲಗುವ ಕೋಣೆಯಲ್ಲಿ ಬೇಡ, ಗಾಳಿಯಾಡುವ ಕಡೆ. ಚಾರ್ಜ್ ಆಗುವಾಗ ಈ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು. ಅದಕ್ಕೇ ಗಾಳಿಯಾಡದ ಡಬ್ಬದೊಳಗೂ ಇಡಬಾರದು. ಬದಿ ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ. ನಿಮ್ಮ ಸ್ಪ್ರೇಯರಿನದು ಲಿಥಿಯಂ ಪ್ಯಾಕ್ ಆಗಿದ್ದರೆ ಅದನ್ನು ಬಿಚ್ಚಲು ಹೋಗಬೇಡಿ.

ಫ್ಯಾನಿಗೆ ಎರಡೂ ಕಡೆ ಜಾಲರಿ ಇರಲಿ, ಸೆರಗು ಸಿಕ್ಕಿಕೊಳ್ಳಬಾರದು. ಮೊದಲ ಸಲ ಹಗಲಲ್ಲೇ ಅರ್ಧ ಗಂಟೆ ಓಡಿಸಿ, ಪ್ರತಿ ಸಂದನ್ನೂ ಮುಟ್ಟಿ ನೋಡಿ. ಎಲ್ಲಾದರೂ ಬಿಸಿ ಇದ್ದರೆ ಅಲ್ಲೇ ತೊಂದರೆ. ಫ್ಯೂಸ್ ಹೋದರೆ ತಾಮ್ರದ ಎಳೆ ಸುತ್ತಿ ಸುಧಾರಿಸಬೇಡಿ. ಬ್ಯಾಟರಿಯಿಂದ ತಂತಿ ಕಳಚಿ, ತಂತಿ ಸ್ವಿಚ್ಚಿನ ಪೆಟ್ಟಿಗೆಯೊಳಗೆ ನುಗ್ಗುವ ತೂತನ್ನು ಮೊದಲು ನೋಡಿ. ಅಂಚಿಗೆ ಉಜ್ಜಿ ಸಿಪ್ಪೆ ಹರಿಯುವುದು ಹೆಚ್ಚಾಗಿ ಅಲ್ಲೇ.