ಐದು ‘ಮಾಡಬಾರದು’ಗಳ ಕಾಯ್ದೆ

2002ರ ಜುಲೈ 22ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಗ್ರೇ ಡೇವಿಸ್ ಒಂದು ಮಸೂದೆಗೆ ಸಹಿ ಹಾಕಿದರು. ಅದರ ಹೆಸರು ಎಬಿ 1493. ಕಾರುಗಳು ಬಿಡುವ ಹಸಿರುಮನೆ ಅನಿಲಕ್ಕೆ ಕಡಿವಾಣ ಹಾಕಲು ಅಮೆರಿಕದಲ್ಲಿ ಬಂದ ಮೊದಲ ಕಾಯ್ದೆ ಅದು. ಮಸೂದೆ ತಂದವರು ಫ್ರ್ಯಾನ್ ಪಾವ್ಲಿ. ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಶಾಸನಸಭೆಗೆ ಬಂದವರು.

ಕಾಯ್ದೆಯನ್ನು ಓದುತ್ತಾ ಹೋದರೆ ಒಂದು ಕಡೆ ಕಣ್ಣು ನಿಲ್ಲುತ್ತದೆ. ರಾಜ್ಯದ ವಾಯು ಮಂಡಳಿ, ಅಂದರೆ ಗಾಳಿಯ ಮಾಲಿನ್ಯಕ್ಕೆ ನಿಯಮ ರೂಪಿಸುವ ಸಂಸ್ಥೆ, ಏನೇನು ಮಾಡಬಾರದು ಎಂಬ ಪಟ್ಟಿ ಅಲ್ಲಿದೆ. ವಾಹನಕ್ಕಾಗಲಿ, ಇಂಧನಕ್ಕಾಗಲಿ, ಓಡಿದ ದೂರಕ್ಕಾಗಲಿ ಹೊಸ ತೆರಿಗೆ ಹಾಕಬಾರದು. ಯಾವ ಬಗೆಯ ಗಾಡಿಯ ಮಾರಾಟವನ್ನೂ ನಿಲ್ಲಿಸಬಾರದು. ಇಲ್ಲಿ ಎಸ್‌ಯುವಿಗಳ ಹೆಸರು ಹಿಡಿದೇ ಹೇಳಿದೆ. ಗಾಡಿಯ ತೂಕ ಇಳಿಸಿ ಎನ್ನಬಾರದು. ವೇಗದ ಮಿತಿ ತಗ್ಗಿಸಬಾರದು. ಜನ ಎಷ್ಟು ದೂರ ಓಡಿಸುತ್ತಾರೆ ಎಂಬುದಕ್ಕೂ ಕೈ ಹಾಕಬಾರದು.

ಮಸೂದೆಯ ವಿರುದ್ಧ ವಾಹನ ಉದ್ಯಮ ಜೋರಾಗಿ ಪ್ರಚಾರ ಮಾಡಿತ್ತು. ‘ನಿಮ್ಮ ಕಾರು ಕಿತ್ತುಕೊಳ್ಳುತ್ತಾರೆ’ ಎಂಬ ಭಯವನ್ನು ತಣಿಸದೆ ಅದು ಪಾಸಾಗುವಂತಿರಲಿಲ್ಲ. ಹಾಗಾಗಿ ಐದು ಬಾಗಿಲುಗಳಿಗೆ ಬೀಗ ಬಿತ್ತು. ರಸ್ತೆ ಸಾರಿಗೆಯ ಹೊಗೆಯ ಬಗ್ಗೆ ಅಲ್ಲಿಂದೀಚೆಗೆ ನಡೆದ ಕಥೆ ಅರ್ಥವಾಗಬೇಕಾದರೆ ಈ ಐದನ್ನು ನೆನಪಿಟ್ಟುಕೊಳ್ಳಬೇಕು.

ಈ ಸಮಸ್ಯೆಯ ಸ್ವಭಾವವೇ ಬೇರೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ತೂಕ ಹೆಚ್ಚಿದ್ದು ಹೇಗೆ? ಪೆಟ್ರೋಲಿನ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಅಷ್ಟೇ. ಕಣ್ಣುರಿಸುವ ಹೊಗೆಯನ್ನು ಕಾರಿನ ಹೊಗೆ ಕೊಳವೆಗೆ ಜೋಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಬಹುಮಟ್ಟಿಗೆ ತಡೆಯುತ್ತದೆ. ಈ ಅನಿಲವನ್ನು ಅದು ತಡೆಯಲಾರದು. ಹಾಗಾಗಿ ದಾರಿ ಇರುವುದು ಮೂರೇ. ಕಿಲೋಮೀಟರಿಗೆ ಕಡಿಮೆ ಇಂಧನ ಸುಡಬೇಕು, ಇಲ್ಲವೇ ಇಂಧನವನ್ನೇ ಬದಲಿಸಬೇಕು, ಇಲ್ಲವೇ ಕಡಿಮೆ ಓಡಿಸಬೇಕು. ಮೂರನೆಯದನ್ನು ಪಾವ್ಲಿ ಕಾಯ್ದೆ ಮುಟ್ಟುವಂತೆಯೇ ಇರಲಿಲ್ಲ.

ಒಂದು ರಾಜ್ಯಕ್ಕೆ ಇಂಥ ಕಾಯ್ದೆ ಮಾಡುವ ಹಕ್ಕು ಎಲ್ಲಿಂದ ಬಂತು? ಅದು ಲಾಸ್ ಏಂಜಲೀಸ್‌ನ ಹೊಗೆಮಂಜಿನ ಬಳುವಳಿ. ಆ ಮಂಜು ಹುಟ್ಟುವುದರಲ್ಲಿ ಕಾರುಗಳ ಪಾತ್ರ ದೊಡ್ಡದು ಎಂದು 1950ರ ದಶಕದ ಆರಂಭದಲ್ಲೇ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ ತೋರಿಸಿದ್ದರು. ಕ್ಯಾಲಿಫೋರ್ನಿಯಾ ದೇಶಕ್ಕಿಂತ ಮೊದಲೇ ತನ್ನ ನಿಯಮ ಮಾಡಿಕೊಂಡಿತು. 1967ರಲ್ಲಿ ವಾಹನಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಎಂದು ಅಮೆರಿಕದ ಸಂಸತ್ತು ನಿರ್ಧರಿಸಿದಾಗ, ಈ ಒಂದು ರಾಜ್ಯಕ್ಕೆ ವಿನಾಯಿತಿ ಪಡೆಯುವ ಅವಕಾಶ ಇಟ್ಟಿತು. 1977ರಲ್ಲಿ, ಬೇರೆ ರಾಜ್ಯಗಳೂ ಕ್ಯಾಲಿಫೋರ್ನಿಯಾದ ನಿಯಮವನ್ನು ಅನುಸರಿಸಬಹುದು ಎಂದಾಯಿತು. ಹೊಗೆಮಂಜಿಗಾಗಿ ಕೊಟ್ಟ ಈ ಹಕ್ಕೇ ಮುಂದೆ ಹವಾಮಾನದ ಹೋರಾಟಕ್ಕೆ ಆಯುಧವಾಯಿತು.

2004ರಲ್ಲಿ ವಾಯು ಮಂಡಳಿ ನಿಯಮ ರೂಪಿಸಿತು. 2016ರ ಹೊತ್ತಿಗೆ ಹೊಸ ಕಾರುಗಳ ಹಸಿರುಮನೆ ಅನಿಲ ಸುಮಾರು ಶೇ 30ರಷ್ಟು ಇಳಿಯಬೇಕು ಎಂಬುದು ಗುರಿ. ಕಾರು ಕಂಪನಿಗಳು ಕೋರ್ಟಿಗೆ ಹೋದವು. ಅತ್ತ ಇಪಿಎ, ಅಂದರೆ ಕೇಂದ್ರದ ಪರಿಸರ ರಕ್ಷಣಾ ಸಂಸ್ಥೆ, ಹಸಿರುಮನೆ ಅನಿಲ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು 2003ರಲ್ಲೇ ಕೈ ತೊಳೆದುಕೊಂಡಿತ್ತು. ಅದನ್ನು ಪ್ರಶ್ನಿಸಿ ಮ್ಯಾಸಚೂಸೆಟ್ಸ್ ಮತ್ತಿತರ ರಾಜ್ಯಗಳು ಹಾಕಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. 2007ರ ಏಪ್ರಿಲ್ 2ರಂದು ತೀರ್ಪು ಹೊರಬಿತ್ತು. 5 ನ್ಯಾಯಮೂರ್ತಿಗಳು ಒಂದು ಕಡೆ, 4 ಜನ ಇನ್ನೊಂದು ಕಡೆ. ಹಸಿರುಮನೆ ಅನಿಲವೂ ಕಾನೂನಿನ ಪ್ರಕಾರ ವಾಯು ಮಾಲಿನ್ಯವೇ ಎಂದಿತು ಕೋರ್ಟು. ಒಬ್ಬರು ಆ ಕಡೆ ವಾಲಿದ್ದರೆ ಇಡೀ ಚರಿತ್ರೆಯೇ ಬೇರೆ ಆಗುತ್ತಿತ್ತು, ಅಲ್ವಾ?

ಅಷ್ಟಾದರೂ ಅದೇ ವರ್ಷ ಡಿಸೆಂಬರಿನಲ್ಲಿ ಇಪಿಎ ಕ್ಯಾಲಿಫೋರ್ನಿಯಾದ ನಿಯಮಕ್ಕೆ ಬೇಕಿದ್ದ ವಿನಾಯಿತಿಯನ್ನು ನಿರಾಕರಿಸಿತು. ಸರ್ಕಾರ ಬದಲಾದ ಮೇಲೆ, 2009ರ ಜೂನಿನಲ್ಲಿ ಕೊಟ್ಟಿತು. ಮರುವರ್ಷ ಪಾವ್ಲಿ ಕಾಯ್ದೆಯ ದಾರಿಯಲ್ಲೇ ಇಡೀ ದೇಶಕ್ಕೆ ನಿಯಮ ಬಂತು. ಆದರೆ ಅದರಲ್ಲೂ ಹಳೆಯ ಭಯದ ನೆರಳಿತ್ತು. ಗಾಡಿ ನೆಲದ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಮೇಲೆ ಮಿತಿ ನಿಂತಿತು. ದೊಡ್ಡ ಗಾಡಿಗೆ ಸಡಿಲ, ಚಿಕ್ಕದಕ್ಕೆ ಬಿಗಿ. ಗಾಡಿಗಳು ದೊಡ್ಡದಾಗುವುದನ್ನು ತಡೆಯುವ ಶಕ್ತಿ ಆ ನಿಯಮಕ್ಕೆ ಇರಲಿಲ್ಲ.

ಯುರೋಪ್ ಮೊದಲು ಕಾಯ್ದೆಯನ್ನೇ ಮಾಡಲಿಲ್ಲ. ಮಾತಿನ ಮೇಲೆ ನಂಬಿಕೆ ಇಟ್ಟಿತು. 2008ರೊಳಗೆ ಹೊಸ ಕಾರುಗಳು ಬಿಡುವ ಇಂಗಾಲದ ಡೈಆಕ್ಸೈಡಿನ ಸರಾಸರಿಯನ್ನು ಕಿಲೋಮೀಟರಿಗೆ 140 ಗ್ರಾಂಗೆ ಇಳಿಸುತ್ತೇವೆ ಎಂದು 1998ರಲ್ಲಿ ಕಂಪನಿಗಳು ಒಪ್ಪಿಕೊಂಡವು. 2008 ಬಂದಾಗ ಸರಾಸರಿ ಸುಮಾರು 154 ಗ್ರಾಂ ಇತ್ತು. ಮರುವರ್ಷವೇ ಕಾಯ್ದೆ ಬಂತು. 2015ಕ್ಕೆ 130 ಗ್ರಾಂ, ಆಮೇಲೆ 95 ಗ್ರಾಂ. 2019ರಿಂದ ದಂಡವೂ ಬಿಗಿಯಾಯಿತು. ಮಿತಿ ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೊ. ಹೊಸ ಮಿತಿಯ ಲೆಕ್ಕ ಶುರುವಾದ 2020ರಲ್ಲಿ ಸರಾಸರಿ 122ರಿಂದ 108 ಗ್ರಾಂಗೆ ಬಿತ್ತು. ಹಿಂದಿನ ಮೂರು ವರ್ಷ ಏರುತ್ತಲೇ ಇದ್ದದ್ದು ಅದು. ಕಂಪನಿಗಳಿಗೆ ಸಾಧ್ಯವಿಲ್ಲ ಎಂದಲ್ಲ, ಸುಮ್ನೆ ಕಾಯುತ್ತಿದ್ದವು ಅನ್ನಿಸುತ್ತದೆ ನನಗೆ.

ಆದರೆ ಯುರೋಪಿನ ಲೆಕ್ಕದಲ್ಲೂ ಭಾರದ ಕಾರು ಮಾರುವ ಕಂಪನಿಗೆ ಸ್ವಲ್ಪ ರಿಯಾಯಿತಿ ಇತ್ತು. ಅಳತೆ ನಡೆಯುತ್ತಿದ್ದದ್ದು ಪ್ರಯೋಗಾಲಯದ ಉರುಳೆಗಳ ಮೇಲೆ. ಕಾಗದದ ಮೇಲಿನ ಸಂಖ್ಯೆಗೂ ನಿಜವಾದ ರಸ್ತೆಗೂ ಅಂತರ ಹಿಗ್ಗುತ್ತಾ ಹೋಯಿತು. 2017ರಿಂದ ಪರೀಕ್ಷೆಯ ವಿಧಾನವನ್ನೇ ಬದಲಿಸಬೇಕಾಯಿತು.

ಕ್ಯಾಲಿಫೋರ್ನಿಯಾ ಬೀಗ ಹಾಕಿದ ಬಾಗಿಲುಗಳನ್ನು ಬೇರೆ ದೇಶಗಳು ತೆರೆದು ನೋಡಿವೆ. ನಾರ್ವೆ ತೆರಿಗೆಯ ಬಾಗಿಲು ತೆರೆಯಿತು. ಹೊಗೆ ಜಾಸ್ತಿ ಇದ್ದರೆ ಖರೀದಿ ತೆರಿಗೆಯೂ ಜಾಸ್ತಿ. 2022ರ ಕೊನೆಯವರೆಗೆ ವಿದ್ಯುತ್ ಕಾರಿಗೆ ಆ ತೆರಿಗೆ ಪೂರ್ತಿ ಮಾಫಿ ಇತ್ತು, 2001ರಿಂದ ಮೌಲ್ಯವರ್ಧಿತ ತೆರಿಗೆಯೂ ಮಾಫಿ ಇತ್ತು. ಪೆಟ್ರೋಲ್ ಕಾರನ್ನು ಅಲ್ಲಿ ನಿಷೇಧಿಸಲೇ ಇಲ್ಲ. ಆದರೂ 2024ರಲ್ಲಿ ಮಾರಾಟವಾದ 100 ಹೊಸ ಕಾರುಗಳಲ್ಲಿ ಸುಮಾರು 89 ವಿದ್ಯುತ್ತಿನವು. ಫ್ರಾನ್ಸ್ 2022ರಲ್ಲಿ ತೂಕದ ಬಾಗಿಲು ತೆರೆಯಿತು. 1,800 ಕಿಲೋ ದಾಟಿದ ಕಾರಿಗೆ ಹೆಚ್ಚುವರಿ ಪ್ರತಿ ಕಿಲೋಗೆ 10 ಯೂರೊ. ಎರಡು ವರ್ಷದ ಮೇಲೆ ಆ ಗೆರೆ 1,600ಕ್ಕೆ ಇಳಿಯಿತು.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್. 2006ರ ಜನವರಿಯಲ್ಲಿ ನಗರದ ಒಳಕ್ಕೆ ಬರುವ, ಹೊರಕ್ಕೆ ಹೋಗುವ ಕಾರುಗಳಿಗೆ ಅಲ್ಲಿ ಶುಲ್ಕ ಹಾಕಿದರು. ಏಳು ತಿಂಗಳ ಪ್ರಯೋಗ. ಶುರುವಾಗುವ ಮುಂಚೆ ಬಹಳ ಜನ ಬೇಡ ಎಂದಿದ್ದರು. ನಗರದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಕಡಿಮೆಯಾದವು. ಜುಲೈ ಕೊನೆಗೆ ಶುಲ್ಕ ನಿಂತಿತು, ಗಾಡಿಗಳು ವಾಪಸ್ ಬಂದವು. ಎರಡೂ ದಿನಗಳನ್ನು ಕಂಡ ಮೇಲೆ, ಸೆಪ್ಟೆಂಬರಿನಲ್ಲಿ ಜನಮತ ಕೇಳಿದರು. ನಗರದ ಜನ ಕಡಿಮೆ ಅಂತರದಲ್ಲಾದರೂ ಬೇಕು ಎಂದರು. 2007ರ ಆಗಸ್ಟಿನಿಂದ ಶುಲ್ಕ ಕಾಯಂ ಆಯಿತು. ಜನ ಒಪ್ಪುವುದೇ ಇಲ್ಲ ಎಂದು 2002ರಲ್ಲಿ ಊಹಿಸಿದ್ದು ಎಷ್ಟು ಆತುರದ್ದು ಎಂದು ಇಲ್ಲಿ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾಕ್ಕೂ ತನ್ನ ಕಾಯ್ದೆಯ ಕೊರತೆ ಕಾಣದೆ ಇರಲಿಲ್ಲ. 2008ರಲ್ಲಿ ಎಸ್‌ಬಿ 375 ಎಂಬ ಕಾಯ್ದೆ ಬಂತು. ಮನೆ, ಕೆಲಸ, ಬಸ್ಸು, ರೈಲು ಹತ್ತಿರ ಹತ್ತಿರ ಇರುವಂತೆ ಪ್ರದೇಶಗಳು ಯೋಜನೆ ಮಾಡಬೇಕು, ಜನರ ಓಡಾಟದ ಮೈಲಿ ಇಳಿಯಬೇಕು ಎಂಬುದು ಆಶಯ. ಆದರೆ ಯಾವ ಜಾಗದಲ್ಲಿ ಏನು ಕಟ್ಟಬೇಕು ಎಂದು ಹೇಳುವ ಅಧಿಕಾರ ಪುರಸಭೆಗಳ ಕೈಯಲ್ಲೇ ಉಳಿಯಿತು. ಜನ ತಲಾ ಓಡಿಸುವ ದೂರ ಇಳಿಯುವ ಬದಲು ಏರುತ್ತಿದೆ ಎಂದು ವಾಯು ಮಂಡಳಿಯೇ 2018ರಲ್ಲಿ ವರದಿ ಕೊಟ್ಟಿತು.

ಕಾರಿನ ಹೊಗೆ ಕೊಳವೆಯಿಂದ ಬರುವುದಕ್ಕೆ ಮಿತಿ ಹಾಕುವ ದಾರಿಯಲ್ಲಿ ಮಾತ್ರ ರಾಜ್ಯ ಬಹಳ ಮುಂದೆ ಹೋಯಿತು. 2035ರಿಂದ ಮಾರುವ ಹೊಸ ಕಾರುಗಳೆಲ್ಲ ಹೊಗೆಯಿಲ್ಲದವು ಅಥವಾ ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡಿಯೂ ಪೆಟ್ರೋಲಿನಲ್ಲೂ ಓಡುವಂಥವು) ಆಗಿರಬೇಕು ಎಂದು 2022ರ ಆಗಸ್ಟಿನಲ್ಲಿ ನಿಯಮ ಮಾಡಿತು. 2025ರ ಜೂನ್ 12ರಂದು ಅಮೆರಿಕದ ಅಧ್ಯಕ್ಷರ ಒಂದು ಸಹಿಯಿಂದ ಆ ನಿಯಮಕ್ಕೆ ಸಿಕ್ಕಿದ್ದ ವಿನಾಯಿತಿ ರದ್ದಾಯಿತು. ಕ್ಯಾಲಿಫೋರ್ನಿಯಾ ಅದೇ ದಿನ ಇನ್ನೂ 10 ರಾಜ್ಯಗಳ ಜೊತೆ ಕೋರ್ಟಿನ ಮೆಟ್ಟಿಲು ಹತ್ತಿತು.

ವಾಷಿಂಗ್ಟನ್ ಮುಚ್ಚಿದ್ದು ರಾಜ್ಯ ತಾನಾಗಿ ತೆರೆದಿಟ್ಟುಕೊಂಡಿದ್ದ ಬಾಗಿಲನ್ನು. ಇಂಧನ ತೆರಿಗೆ, ತೂಕಕ್ಕೆ ತಕ್ಕ ನೋಂದಣಿ ಶುಲ್ಕ, ವೇಗದ ಮಿತಿ, ಊರು ಕಟ್ಟುವ ರೀತಿ, ಇವಕ್ಕೆ ಇಪಿಎಯ ವಿನಾಯಿತಿ ಬೇಕಿಲ್ಲ. ಆ ಬಾಗಿಲುಗಳ ಬೀಗದ ಕೈ 2002ರಿಂದಲೂ ಕ್ಯಾಲಿಫೋರ್ನಿಯಾದ ಶಾಸನಸಭೆಯ ಬಳಿಯೇ ಇದೆ.