ಪ್ಲೇಯರ್ ಕೊಳ್ಳುವ ಮೊದಲು ಮುಳ್ಳು ನೋಡಿ

ಅಟ್ಟದಲ್ಲಿ ಅಜ್ಜನ ಕಾಲದ ರೆಕಾರ್ಡ್‌ಗಳಿವೆ, ಕಡಿಮೆ ಬೆಲೆಗೆ ಒಳ್ಳೆಯ ಪ್ಲೇಯರ್ ಯಾವುದು? ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯಿಂದ ನನ್ನ ರಿಪೇರಿ ಅಂಗಡಿಗೆ ಬರುವವರು ಈಗೀಗ ಇದನ್ನೇ ಜಾಸ್ತಿ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ರೆಕಾರ್ಡ್ ಎಂಥದ್ದು?

ಲೇಬಲ್ ಓದಿ ನೋಡಿ. ಅಲ್ಲಿರುವ ಅಂಕಿ ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬುದು. 33⅓ (ಎಲ್‌ಪಿ ಎನ್ನುವುದು ಇದನ್ನೇ) ಅಥವಾ 45 ಎಂದಿದ್ದರೆ ಹೆಚ್ಚಾಗಿ ವಿನೈಲ್ ಎಂಬ ಪ್ಲಾಸ್ಟಿಕ್, ಸ್ವಲ್ಪ ಬಾಗುತ್ತದೆ. 78 ಎಂದಿದ್ದರೆ ಅರಗಿನ ತಟ್ಟೆ. ಭಾರ ಇರುತ್ತದೆ, ಕೈಜಾರಿದರೆ ಚೂರು. ಎಲ್‌ಪಿ 1948ರಲ್ಲೇ ಬಂದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78 ಅಚ್ಚಾಗುತ್ತಿತ್ತು. ಹಾಗಾಗಿ ಹಳೆ ಮನೆಗಳಲ್ಲಿ ಎರಡೂ ಬೆರೆತೇ ಇರುತ್ತವೆ. 78ರ ಗೆರೆ ಅಗಲ. ಗೆರೆಯಲ್ಲಿ ಓಡಿ ದನಿ ಎತ್ತುವ ಸೂಜಿಯೇ ಮುಳ್ಳು. ಎಲ್‌ಪಿಯ ಸಣ್ಣ ಮುಳ್ಳು 78ರ ಗೆರೆಯ ತಳಕ್ಕೆ ಇಳಿದು ಕರಕರ ಎನ್ನುತ್ತದೆ. 78ರ ದಪ್ಪ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟರಂತೂ ಎಲ್‌ಪಿಯ ಕಥೆ ಮುಗಿಯಿತು. ಡಬ್ಬದ ಮೇಲೆ ‘ಮೂರು ಸ್ಪೀಡ್’ ಎಂದು ಬರೆದಿದ್ದರೆ ಮೋಟಾರ್ ಆ ವೇಗದಲ್ಲಿ ತಿರುಗುತ್ತದೆ, ಅಷ್ಟೆ. ಮುಳ್ಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಸೂಟ್‌ಕೇಸ್ ಪ್ಲೇಯರ್. ನೋಡಲು ಚಂದ, ಬ್ಲೂಟೂತ್ ಇದೆ, ಸ್ಪೀಕರ್ ಒಳಗೇ ಇದೆ. ನಾನು ಬೇಡ ಎನ್ನುತ್ತೇನೆ. ಬೆಂಚಿನ ಮೇಲೆ ಸಣ್ಣ ತೂಕದ ಗೇಜ್ ಇಟ್ಟು ಅದರ ತೋಳು ಇಳಿಸಿದರೆ 5 ಗ್ರಾಂ ತೋರಿಸುವುದು ಸಾಮಾನ್ಯ. ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು ಅದರ ನಡುಕವನ್ನು ಕರೆಂಟಾಗಿಸುವ ತುಂಡೇ ಕಾರ್ಟ್ರಿಜ್. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 2 ಗ್ರಾಂ ಆಚೀಚೆ ಸಾಕು. ಸೂಟ್‌ಕೇಸ್‌ನಲ್ಲಿ ಹೆಚ್ಚಾಗಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಅದರ ಮುಳ್ಳಿನ ಕಡ್ಡಿ ಬಿಗಿ, ಗೆರೆಯ ಏರಿಳಿತಕ್ಕೆ ಸಲೀಸಾಗಿ ಆಡುವುದಿಲ್ಲ. ಗೆರೆಯಲ್ಲೇ ಹಿಡಿದಿಡಲು ಭಾರ ಹಾಕಲೇಬೇಕು. ಅದೇ ರೆಕಾರ್ಡ್ ಮತ್ತೆ ಮತ್ತೆ ಹಾಕಿದರೆ ‘ಸ’, ‘ಶ’ ಬರುವ ಕಡೆ ದನಿ ಒಡೆಯಲು ಶುರುವಾಗುತ್ತದೆ. ಆಮೇಲೆ ಎಷ್ಟೇ ದುಬಾರಿ ಪ್ಲೇಯರ್ ತಂದರೂ ಆ ಗೆರೆ ಸರಿಹೋಗುವುದಿಲ್ಲ.

ಬರೀ ಎಲ್‌ಪಿ, 45 ಇದ್ದರೆ ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್ ಸಾಕು. ಬಟನ್ ಒತ್ತಿದರೆ ತೋಳು ತಾನೇ ಹೋಗಿ ಕೂರುತ್ತದೆ, ಮುಗಿದ ಮೇಲೆ ತಾನೇ ಎದ್ದು ಬರುತ್ತದೆ. ತೂಕ ಹೊಂದಿಸುವ ತಲೆನೋವಿಲ್ಲ. ಮುಳ್ಳು ಸವೆದರೆ ಕಳಚಿ ಬೇರೆ ಹಾಕಬಹುದು. ಪೆಟ್ಟಿಗೆಯಲ್ಲಿ 78 ಕೂಡ ಇದ್ದರೆ ಸ್ವಲ್ಪ ಹಣ ಕೂಡಿಟ್ಟು ಅದೇ ಕಂಪನಿಯ ಎಲ್‌ಪಿ120ಎಕ್ಸ್ ಕಡೆ ನೋಡಿ. ಅದರಲ್ಲಿ 78ರ ವೇಗವಿದೆ, ತೋಳಿನ ತೂಕ ಬದಲಿಸಬಹುದು, ಅದಕ್ಕೆ ಹೊಂದುವ ವಿಎಂ95 ಕಾರ್ಟ್ರಿಜ್ ಸಾಲಿನಲ್ಲಿ 78ಕ್ಕೆಂದೇ ಮಾಡಿದ ಮುಳ್ಳೂ ಸಿಗುತ್ತದೆ.

ಇನ್ನು ನಮ್ಮೂರಿನದೇ ಒಂದು ಸಮಸ್ಯೆ. ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದ ಹಳೆ ಸೆಟ್‌ಗಳಿಗೆ ಬರವಿಲ್ಲ. ಯಾರಾದರೂ ಸುಮ್ನೆ ಕೊಟ್ಟರೆ ತೆಗೆದುಕೊಳ್ಳಬಹುದಾ? ಹಿಂದಿನ ಲೇಬಲ್ ಓದದೆ ಪ್ಲಗ್ ಹಾಕಬೇಡಿ. ದುಬೈಯಲ್ಲಿ ಕರೆಂಟು ನಮ್ಮ ಹಾಗೆಯೇ 50 ಹರ್ಟ್ಸ್. ಸೌದಿಯಲ್ಲಿ 60 ಹರ್ಟ್ಸ್, ಮನೆಗಳಲ್ಲಿ ಬಹುಕಾಲ 127 ವೋಲ್ಟ್ ಇತ್ತು. ಆ ಸೆಟ್ಟನ್ನು ಇಲ್ಲಿಯ 230ಕ್ಕೆ ನೇರ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ವೋಲ್ಟೇಜ್ ಇಳಿಸಿ ಕೊಟ್ಟರೂ ಕೆಲಸ ಮುಗಿಯಲಿಲ್ಲ. ಹಳೆ ಎಸಿ ಮೋಟಾರ್ ಕರೆಂಟಿನ ಹರ್ಟ್ಸ್ ನೋಡಿಕೊಂಡೇ ತಿರುಗುವುದು. 60ಕ್ಕೆ ಮಾಡಿದ್ದು 50ರಲ್ಲಿ ಓಡಿದರೆ 33⅓ರ ಬದಲು 28ರ ಹತ್ತಿರ ತಿರುಗುತ್ತದೆ, ಗಾಯಕಿಯ ದನಿ ಗಂಡುದನಿ ಆಗುತ್ತದೆ. ಇಂಥದ್ದಕ್ಕೆ 50 ಹರ್ಟ್ಸ್‌ನ ಪುಲ್ಲಿ ಬೇಕು, ಅದು ಸಿಗುವುದು ಕಷ್ಟ. ಡಿಸಿ ಮೋಟಾರ್ ಇದ್ದರೆ ಹರ್ಟ್ಸ್‌ನ ಗೊಡವೆ ಇಲ್ಲ, ಧೈರ್ಯವಾಗಿ ರಿಪೇರಿಗೆ ತನ್ನಿ.

‘ಸೌಂಡೇ ಇಲ್ಲ ಮಾರಾಯ್ರೆ’ ಎಂದು ಬರುವ ಹೊಸ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3-5 ಮಿಲಿವೋಲ್ಟ್ ಮಾತ್ರ. ಮೇಲಾಗಿ ರೆಕಾರ್ಡ್ ಕೊರೆಯುವಾಗಲೇ ಬೇಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಮತ್ತೆ ಸಮಕ್ಕೆ ತರುವುದು ಫೋನೋ ಪ್ರೀಆಂಪ್. ನಾನು ಹೇಳಿದ ಎರಡೂ ಮಾಡೆಲ್‌ಗಳ ಒಳಗೇ ಅದು ಇದೆ, ಹಿಂದುಗಡೆ ಫೋನೋ-ಲೈನ್ ಎಂಬ ಸ್ವಿಚ್ ಇರುತ್ತದೆ. ಆಂಪ್ಲಿಫೈಯರ್‌ನ ಆಕ್ಸ್ ತೂತಿಗೆ ಹಾಕುವುದಾದರೆ ಸ್ವಿಚ್ ಲೈನ್‌ನಲ್ಲಿರಲಿ, ಇಲ್ಲದಿದ್ದರೆ ಸೊಳ್ಳೆ ಹಾಡಿದ ಹಾಗಿರುತ್ತದೆ. ಹಳೆ ಆಂಪ್‌ನ ಫೋನೋ ತೂತಿಗೆ ಹಾಕಿದರೆ ಸ್ವಿಚ್ಚೂ ಫೋನೋದಲ್ಲೇ ಇರಬೇಕು. ಎರಡು ಪ್ರೀಆಂಪ್ ಒಂದರ ಮೇಲೊಂದು ಬಿದ್ದರೆ ದನಿ ಹರಿದುಹೋಗುತ್ತದೆ.

ಸ್ಪೀಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆಂಪ್ ಒಳಗೇ ಇರುವ ಒಂದು ಜೊತೆ ಸಾಕು. ಪ್ಲೇಯರ್ ಇಟ್ಟ ಮೇಜಿನ ಮೇಲೆ ಮಾತ್ರ ಇಡಬೇಡಿ, ಅದರ ನಡುಕ ಮುಳ್ಳಿಗೆ ಹೋಗಿ ಗುಂಯ್ ಎನ್ನುತ್ತದೆ. ಮರದ ಹಲಗೆಯ ಮಾಳಿಗೆಯಲ್ಲಾದರೆ ಯಾರಾದರೂ ನಡೆದಾಗಲೆಲ್ಲ ಮುಳ್ಳು ಹಾರುತ್ತದೆ. ಅಲ್ಲಿ ಗೋಡೆಗೆ ಹೊಡೆದ ಶೆಲ್ಫೇ ಒಳ್ಳೆಯದು. ನಮ್ಮ ಕೆಂಪುಕಲ್ಲಿನ ಗೋಡೆ ಅದಕ್ಕೆ ಹೇಳಿ ಮಾಡಿಸಿದ್ದು.

ಮಳೆಗಾಲದಲ್ಲಿ ಗೆರೆಯೊಳಗೆ ಬೂಷ್ಟು ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆಯ ದಾರಿಯಲ್ಲೇ ಒರೆಸಿ, ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸಿ. ಲೇಬಲ್‌ಗೆ ನೀರು ತಾಗಬಾರದು. 78ಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಅದರಲ್ಲಿ ಕರಗುತ್ತದೆ.

ಪ್ಲೇಯರ್ ಜೊತೆಗೇ ಒಂದು ಮುಳ್ಳು ಹೆಚ್ಚುವರಿ ತರಿಸಿಕೊಳ್ಳಿ. ಕೆಲವು ನೂರು ಗಂಟೆ ಓಡಿದ ಮೇಲೆ ಬದಲಿಸಲೇಬೇಕು, ಆಗ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ. ಒರಿಜಿನಲ್ ಮುಳ್ಳಿನ ಹೆಸರಲ್ಲಿ ನಕಲಿಯೂ ಬರುತ್ತದೆ. ಬೆಲೆ ತೀರಾ ಕಡಿಮೆ ಕಂಡರೆ ಬಿಟ್ಟುಬಿಡಿ.