ಬಣ್ಣ ಬಳಿಯುವ ಮುನ್ನ ಬೋಟು ನೋಡಿ

ಏಪ್ರಿಲ್ ಮುಗಿಯುತ್ತಿದ್ದಂತೆ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬೋಟು ನಿಲ್ಲುವ ದಕ್ಕೆಗಳಲ್ಲಿ ಹಳೆಯ ಬೋಟುಗಳ ವ್ಯಾಪಾರದ ಮಾತು ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಆದಾಯ ನಿಂತಿರುತ್ತದೆ. ರಿಪೇರಿ ಖರ್ಚು, ಸಾಲದ ಕಂತು, ಮುಂದಿನ ಋತುವಿಗಾಗಿ ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಕೊಡಬೇಕಾದ ಮುಂಗಡ ಮಾತ್ರ ನಿಲ್ಲುವುದಿಲ್ಲ. ಕೈಸೋತ ಮಾಲೀಕರು ಮಾರಲು ಹೊರಡುವುದು ಆಗಲೇ. ಕೊಳ್ಳಲು ಬರುವವರಲ್ಲಿ ವರ್ಷಗಟ್ಟಲೆ ಬೇರೆಯವರ ಬೋಟಿನಲ್ಲಿ ತಾಂಡೇಲರಾಗಿ (ಬೋಟು ನಡೆಸುವವರಾಗಿ) ದುಡಿದವರಿದ್ದಾರೆ, ಗಲ್ಫ್‌ನಲ್ಲಿ ಕೂಡಿಟ್ಟ ಹಣ ಹಿಡಿದು ಊರಿಗೆ ಮರಳಿದವರೂ ಇದ್ದಾರೆ. ವಿಮೆಗೆ ಮತ್ತು ಬ್ಯಾಂಕ್ ಸಾಲಕ್ಕೆ ಬೋಟು ಪರಿಶೀಲಿಸಿ ವರದಿ ಕೊಡುವುದು ನನ್ನ ಉದ್ಯೋಗವಾದ್ದರಿಂದ ಇಬ್ಬರೂ ನನ್ನ ಬಳಿಗೆ ಬರುತ್ತಾರೆ. ಬರುವುದು ಮಾತ್ರ ಹೆಚ್ಚಾಗಿ ಜುಲೈ ಕೊನೆಯಲ್ಲಿ, ಮುಂಗಡ ಕೊಟ್ಟಾದ ಮೇಲೆ, ಬೋಟಿಗೆ ಹೊಸ ಬಣ್ಣ ಬಿದ್ದಾದ ಮೇಲೆ.

ಜುಲೈಯಲ್ಲಿ ಬೋಟು ನೋಡುವವರು ಬಣ್ಣವನ್ನು ನೋಡುತ್ತಾರೆ, ಅಷ್ಟೇ. ಪುಟ್ಟಿ ತುಂಬಿ ಎರಡು ಕೋಟು ಬಳಿದ ಮೇಲೆ ಯಾವ ಬೋಟೂ ಚೆಂದವೇ. ಬೋಟನ್ನು ಎರಡು ಬಾರಿ ನೋಡಬೇಕು: ಮೇ ತಿಂಗಳಲ್ಲಿ, ಇನ್ನೂ ಮೀನುಗಾರಿಕೆ ನಡೆಯುತ್ತಿರುವಾಗ, ನೀರಿನ ಮೇಲೆ; ಮತ್ತೆ ಜೂನ್ ಆರಂಭದಲ್ಲಿ, ದಡಕ್ಕೆ ಎಳೆದ ದಿನ ಅಥವಾ ಅದರ ಮರುದಿನ, ತಳದ ಪಾಚಿ ಮತ್ತು ಚಿಪ್ಪು ಕೆರೆಯುವಾಗ. ಮುಂಗಡವನ್ನೂ ಹಾಗೆಯೇ ಎರಡು ಭಾಗ ಮಾಡಿ. ಮೊದಲ ಬಾರಿ ನೋಡಿದ ಮೇಲೆ ಸಣ್ಣ ಮೊತ್ತ, ತಳ ನೋಡಿದ ಮೇಲೆ ಉಳಿದದ್ದು. ದಡದಲ್ಲಿ ಕಂಡ ದೋಷಕ್ಕೆ ತಕ್ಕಂತೆ ಬೆಲೆ ಇಳಿಯುತ್ತದೆ, ಇಲ್ಲವೇ ಮುಂಗಡ ವಾಪಸ್ ಬರುತ್ತದೆ ಎಂದು ಕರಾರಿನಲ್ಲಿ ಬರೆಸಿ. ಇದಕ್ಕೆ ಒಪ್ಪದ ಮಾರಾಟಗಾರರ ಬೋಟನ್ನು ನಾನಾದರೆ ಬಿಟ್ಟುಬಿಡುತ್ತೇನೆ.

ಮೇ ತಿಂಗಳ ಪರೀಕ್ಷೆ ಮುಖ್ಯವಾಗಿ ಇಂಜಿನಿನದು. ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಹೋದ ತಕ್ಷಣ ಇಂಜಿನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಚಾಲೂ ಮಾಡಿದ್ದಾರೆ ಎಂದರ್ಥ; ತಣ್ಣಗಿರುವಾಗ ಸುಲಭಕ್ಕೆ ಹತ್ತದ ಇಂಜಿನನ್ನು ಅಡಗಿಸುವ ಹಳೆಯ ಉಪಾಯ ಅದು. ತಣ್ಣಗಾಗಲು ಬಿಟ್ಟು ಮತ್ತೊಂದು ದಿನ ಬನ್ನಿ. ಚಾಲೂ ಮಾಡುವ ಮುನ್ನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರುತ್ತಿದೆ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರೋ ಅರೆಬೆಂದ ಡೀಸೆಲ್ಲೋ ಹೊರಬೀಳುತ್ತಿದೆ. ಕಪ್ಪು ಹೊಗೆಗೆ ಇಂಜೆಕ್ಟರ್ ಕಾರಣವಿರಬಹುದು, ಇಂಜಿನಿಗೆ ಹೊಂದದ ಫ್ಯಾನ್ (ಬೋಟನ್ನು ತಳ್ಳುವ ಪ್ರೊಪೆಲರ್) ಹಾಕಿರುವುದೂ ಕಾರಣವಿರಬಹುದು. ಕಟ್ಟಿಹಾಕಿದ ಬೋಟಿನಲ್ಲಿ ಇಂಜಿನ್ ಓಡಿಸಿ ತೋರಿಸಿದರೆ ತೃಪ್ತರಾಗಬೇಡಿ. ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ಹೊರಗೆ ಹೋಗಿ, ಪೂರ್ತಿ ವೇಗದಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ತಾಪದ ಮುಳ್ಳನ್ನೇ ನೋಡುತ್ತ ನಿಲ್ಲಿ. ಗೇರ್‌ಬಾಕ್ಸ್‌ ಅನ್ನು ಹಿಂದಕ್ಕೂ ಹಾಕಿಸಿ. ಚೀನಾ ಇಂಜಿನ್ ಹಾಕಿದ ಬೋಟುಗಳು ಈಗ ಬಹಳ. ಬೆಲೆಗೂ ಶಕ್ತಿಗೂ ಜನ ಅವನ್ನು ಮೆಚ್ಚಿದ್ದಾರೆ. ಆ ಮಾದರಿಯ ಬಿಡಿಭಾಗ ನಿಮ್ಮ ಬಂದರಿನಲ್ಲೇ ಸಿಗುತ್ತದೆಯೇ ಎಂದು ಅಂಗಡಿಗೆ ಹೋಗಿ ಕೇಳಿಕೊಂಡು ಬನ್ನಿ.

ಇನ್ನು ತಳ. ಸೆಕೆಂಡ್‌ಹ್ಯಾಂಡ್ ಪೇಟೆಗೆ ಬರುವ ಮರದ ಬೋಟುಗಳಲ್ಲಿ ಹಲವಕ್ಕೆ ಹೊರಮೈಗೆ ಫೈಬರ್ ಹೊದಿಸಿರುತ್ತಾರೆ. ಹೊಸ ಮರಕ್ಕೆ ಸರಿಯಾಗಿ ಹೊದಿಸಿದರೆ ಅದು ಒಳ್ಳೆಯ ರಕ್ಷಣೆ. ಸೋರುವ ಹಳೆಯ ಮರಕ್ಕೆ ಹೊದಿಸಿದ ಫೈಬರ್ ಕೊಳೆತವನ್ನು ಮುಚ್ಚಿಡುತ್ತದೆ, ಒಳಗೆ ಸೇರಿದ ನೀರನ್ನೂ ಹೊರಬಿಡುವುದಿಲ್ಲ. ಸಣ್ಣ ಮರದ ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬರುತ್ತಿದ್ದುದು ಎಲ್ಲಿ ಟೊಳ್ಳಾಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತುಗಳು ಅಲ್ಲೊಂದು ಇಲ್ಲೊಂದು ಇದ್ದರೆ ರಿಪೇರಿ. ಕೀಲಿನ (ತಳದ ಬೆನ್ನೆಲುಬಿನಂಥ ಉದ್ದ ತೊಲೆಯ) ಉದ್ದಕ್ಕೂ ಸಾಲಾಗಿ ಬಂದರೆ ಆ ಬೋಟಿನಲ್ಲಿ ಇಂಜಿನ್ ಬಿಟ್ಟು ಬೇರೇನೂ ಕೊಳ್ಳುವಂಥದ್ದಿಲ್ಲ.

ಫೈಬರ್ ಇಲ್ಲದ ಮರದಲ್ಲಿ ಹುಡುಕಬೇಕಾದದ್ದು ಕಡಲ ನೀರಿನಲ್ಲಿ ಮರ ಕೊರೆಯುವ ಹಡಗುಹುಳುವನ್ನು. ಹೆಬ್ಬಲಸು, ಕಿರಾಲಬೋಗಿಯಂಥ ಗಟ್ಟಿ ಮರವೆಂದು ಮಾರಾಟಗಾರರು ಭರವಸೆ ಕೊಡುತ್ತಾರೆ. ಮರ ಒಳ್ಳೆಯದೇ ಇರಬಹುದು, ಆದರೆ ಹುಳು ಮರಿಯಾಗಿದ್ದಾಗ ಕೊರೆದು ಒಳಹೋಗುವ ತೂತು ಸೂಜಿಮೊನೆಯಷ್ಟು. ಒಳಗೆ ಬೆಳೆದಂತೆ ಸುರಂಗ ಕಿರುಬೆರಳಿನ ಗಾತ್ರಕ್ಕೆ ಹಿಗ್ಗುತ್ತದೆ, ಅದರ ಗೋಡೆಗೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಅಖಂಡ. ಕೀಲಿಗೆ ತಾಗಿದ ಮೊದಲ ಹಲಗೆಗೆ, ಫ್ಯಾನಿನ ದಂಡ ಹೊರಬರುವ ಜಾಗದ ಸುತ್ತ, ಚೂಪು ದಬ್ಬಣವನ್ನು ಒತ್ತಿ ನೋಡುತ್ತೇನೆ. ಒಳ್ಳೆಯ ಮರ ಮೊನೆಯನ್ನು ತಡೆಯುತ್ತದೆ. ಹುಳು ತಿಂದ ಮರದಲ್ಲಿ ಅರ್ಧ ಅಂಗುಲದವರೆಗೆ ತಡೆದಂತಾಗಿ, ಆಮೇಲೆ ದಬ್ಬಣ ತಾನಾಗಿ ಒಳಗಿಳಿಯುತ್ತದೆ. ಹೊರಗೆಳೆದರೆ ತುದಿಗೆ ಸುಣ್ಣದ ಪುಡಿ ಅಂಟಿರುತ್ತದೆ. ಅಳಿವೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕಟ್ಟಿಹಾಕಿದ ಬೋಟಾದರೆ ಈ ಅನುಮಾನ ಇಮ್ಮಡಿಯಾಗಿರಲಿ. ಮೊಳೆ, ಬೋಲ್ಟುಗಳ ಸುತ್ತ ಕಪ್ಪಾದ ಮರವನ್ನೂ ಬಿಡಬೇಡಿ.

ಉಕ್ಕಿನ ಬೋಟಿಗೆ ಅಲ್ಟ್ರಾಸೋನಿಕ್ ಮಾಪಕದಿಂದ ತಗಡಿನ ದಪ್ಪ ಅಳೆಸಿ. ಮೂಲ ದಪ್ಪದ ಕಾಲು ಭಾಗ ಸವೆದಿರುವ ಕಡೆ ತಗಡು ಬದಲಿಸುವುದು ವಾಡಿಕೆ. ಸವೆತ ಹೆಚ್ಚು ಕಾಣುವುದು ನೀರಿನ ಮಟ್ಟದ ಗೆರೆಯಲ್ಲಿ ಮತ್ತು, ಯಾರೂ ಇಣುಕದ ಜಾಗವಾದ್ದರಿಂದ, ಐಸ್ ಮತ್ತು ಮೀನು ತುಂಬುವ ಕೋಣೆಯ ಕೆಳಗೆ. ತಗಡಿನ ಬದಲು ತಾವು ಸವೆಯಲೆಂದು ತಳಕ್ಕೆ ಬೆಸೆದ ಸತುವಿನ ತುಂಡುಗಳು ಅರ್ಧ ಕರಗಿದ್ದರೆ ಅವು ತಮ್ಮ ಕೆಲಸ ಮಾಡಿವೆ. ಹಲವು ವರ್ಷ ಹಳೆಯ ತುಂಡು ಹೊಸದರಂತಿದ್ದರೆ ಅದಕ್ಕೆ ಬಣ್ಣ ಬಳಿದಿದ್ದಾರೆ ಅಥವಾ ಬೆಸುಗೆ ಸರಿಯಿಲ್ಲ, ಸವೆದದ್ದು ನಿಮ್ಮ ತಗಡು. ಫ್ಯಾನಿನ ದಂಡ ಸಡಿಲವಾಗಿದೆಯೇ ಎಂದು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಬಲೆ, ರೋಪು, ವಿಂಚು, ಜಿಪಿಎಸ್, ಮೀನು ಪತ್ತೆ ಯಂತ್ರ, ವಿಎಚ್‌ಎಫ್ ರೇಡಿಯೊ ಇವುಗಳಲ್ಲಿ ಯಾವುದು ಬೆಲೆಯಲ್ಲಿ ಸೇರಿದೆ ಎಂದು ಪಟ್ಟಿ ಬರೆಸಿಕೊಂಡರೆ ಸಾಕು. ಜಿಪಿಎಸ್ ಕೊಟ್ಟರೂ ಅದರಲ್ಲಿದ್ದ, ಮೀನು ಸೇರುವ ಕಲ್ಲಿನ ಜಾಗಗಳ ಗುರುತುಗಳನ್ನು ಅಳಿಸಿಯೇ ಕೊಡುವವರಿದ್ದಾರೆ. ಅದಕ್ಕೆ ನಾನು ಬೇಸರಪಡುವುದಿಲ್ಲ, ಅದು ತಾಂಡೇಲರ ಗಳಿಕೆ.

ಹೊಸ ಮಾಲೀಕರು ನಿಜವಾಗಿ ಮುಳುಗುವುದು ಬೋಟಿನ ಬೆನ್ನಿಗೆ ಅಂಟಿಕೊಂಡ ಸಾಲದಲ್ಲಿ. ಬ್ಯಾಂಕಿನ ಅಡಮಾನ ಕಾಗದದಲ್ಲಿ ಕಾಣಿಸುತ್ತದೆ, ಅದನ್ನು ಯಾರಾದರೂ ಹುಡುಕುತ್ತಾರೆ. ಮೀನುಗಾರರ ಸಹಕಾರ ಸಂಘದ ಬಾಕಿ, ಡೀಸೆಲ್ ಬಂಕಿನ ಬಾಕಿ, ಐಸ್ ಕಾರ್ಖಾನೆಯ ಬಾಕಿ ಅಷ್ಟು ಸುಲಭಕ್ಕೆ ಕಾಣಿಸುವುದಿಲ್ಲ. ಮೀನು ಖರೀದಿಸುವ ದಲ್ಲಾಳಿಯ ಸಾಲವಂತೂ ಬಾಯಿಮಾತಿನದು: ಆ ಸಾಲ ತೀರುವವರೆಗೆ ಬೋಟಿನ ಮೀನು ಅವರ ಮೂಲಕವೇ ಹರಾಜಾಗಬೇಕು. ಬೋಟು ಕೈ ಬದಲಾದರೂ ಆ ಸಂಬಂಧ ಮುಂದುವರಿಯುತ್ತದೆ ಎಂದು ದಲ್ಲಾಳಿ ಭಾವಿಸಿರುತ್ತಾರೆ; ಮೊದಲ ಮೀನು ದಕ್ಕೆಗೆ ಬಂದ ದಿನ ನಿಮಗೆ ವಿಷಯ ತಿಳಿಯುತ್ತದೆ. ಕಲಾಸಿಗಳ ಮುಂಗಡವೂ ಹೀಗೆಯೇ. ಆಂಧ್ರ, ಒಡಿಶಾ, ಜಾರ್ಖಂಡ್, ಉತ್ತರ ಕನ್ನಡದಿಂದ ಬರುವ ಕಲಾಸಿಗಳಿಗೆ ಹಳೆಯ ಮಾಲೀಕರು ಕೊಟ್ಟ ಹಣವನ್ನು "ಜನರೂ ನಿಮಗೇ ಸಿಗುತ್ತಾರೆ, ಅಣ್ಣ" ಎಂದು ಬೆಲೆಗೆ ಸೇರಿಸುತ್ತಾರೆ. ಆಗಸ್ಟ್‌ನಲ್ಲಿ ಆ ಜನ ಬರುತ್ತಾರೆ ಎಂಬುದಕ್ಕೆ ಖಾತರಿಯೇನೂ ಇಲ್ಲ. ಆ ಮೊತ್ತವನ್ನು ಬೆಲೆಯಿಂದ ಹೊರಗಿಡಿ, ಜನ ಬಂದ ಮೇಲೆ ಕೊಡುವುದಾಗಿ ಹೇಳಿ. ದಕ್ಕೆಯಲ್ಲಿ ಎರಡು ದಿನ ಚಹಾ ಕುಡಿಯುತ್ತ ವಿಚಾರಿಸಿದರೆ ಯಾವ ಬೋಟಿಗೆ ಯಾರ ಋಣವಿದೆ ಎಂಬುದು ಹೊರಬರುತ್ತದೆ. ವಕೀಲರಿಂದ ಇದು ಸಿಗುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಛಾಪಾ ಕಾಗದದ ಕರಾರು ಆಯಿತು, ಹಣ ಕೊಟ್ಟಾಯಿತು, ಬೋಟು ನನ್ನದಾಯಿತು ಎಂದು ನಂಬಿದವರು ಬಹಳ. ಮೀನುಗಾರಿಕೆ ಇಲಾಖೆಯ ದಾಖಲೆಯಲ್ಲಿ ನೋಂದಣಿ ನಿಮ್ಮ ಹೆಸರಿಗೆ ಬರುವವರೆಗೆ ಕರರಹಿತ ಡೀಸೆಲ್ ನಿಮಗಿಲ್ಲ, 1986ರ ಕರ್ನಾಟಕ ಕಡಲ ಮೀನುಗಾರಿಕೆ ಕಾಯ್ದೆಯಡಿಯ ಪರವಾನಗಿಯೂ ನಿಮ್ಮದಲ್ಲ. ವಿಮೆ ಹಳೆಯ ಮಾಲೀಕರ ಹೆಸರಿನಲ್ಲೇ ಇರುವಾಗ ಬೋಟು ಮುಳುಗಿದರೆ ಹಣ ಕೇಳುವ ಹಕ್ಕು ಯಾರಿಗೂ ಇಲ್ಲದಂತಾಗುತ್ತದೆ. ಮಾರಿದವರಿಗೆ ಬೋಟಿಲ್ಲ, ಕೊಂಡವರಿಗೆ ಪಾಲಿಸಿಯಿಲ್ಲ. ನೋಂದಣಿ ಪತ್ರದಲ್ಲಿರುವ ಇಂಜಿನ್ ಸಂಖ್ಯೆ ಮತ್ತು ಅಶ್ವಶಕ್ತಿಯನ್ನು ಇಂಜಿನಿನ ಮೇಲಿನ ಫಲಕದೊಡನೆ ಖುದ್ದಾಗಿ ತಾಳೆ ನೋಡಿ. ಇಂಜಿನ್ ಬದಲಿಸಿ ಇಲಾಖೆಗೆ ತಿಳಿಸದ ಬೋಟುಗಳು ಕಡಿಮೆಯಲ್ಲ, ವರ್ಗಾವಣೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪರ್ಸೀನ್ ಬೋಟಾದರೆ (ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು) ಪಾಲುದಾರರು ಹಲವರಿರುತ್ತಾರೆ, ಪ್ರತಿಯೊಬ್ಬರ ಸಹಿ ಬೇಕು. ಮಾಲೀಕರು ತೀರಿಕೊಂಡಿದ್ದರೆ ಎಲ್ಲ ವಾರಸುದಾರರದ್ದೂ ಬೇಕು. ಕೇರಳದ ಅಥವಾ ಗೋವಾದ ಬೋಟು ಅಗ್ಗವಾಗಿ ಕಂಡರೆ, ಅಲ್ಲಿನ ನೋಂದಣಿ ರದ್ದಾಗಿ ಇಲ್ಲಿ ಹೊಸದಾಗಿ ಆಗುವುದಕ್ಕೆ ಅನುಮತಿ ಸಿಗುತ್ತದೆಯೇ ಎಂದು ಹಣ ಕೊಡುವ ಮುನ್ನವೇ ಇಲಾಖೆಯಲ್ಲಿ ಕೇಳಿ. ಬೋಟಿನ ಮೇಲೆ ದೊಡ್ಡ ಜನರೇಟರ್, ದೀಪದ ಸಾಲು ಕಂಡರೂ ಎಚ್ಚರ: ಕೃತಕ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಆ ಬೋಟಿನ ಮೇಲೆ ದಂಡ ಬಾಕಿಯಿರಬಹುದು.

ಕೊಂಡವರು ಮೊದಲು ಮಾಡಬಯಸುವುದು ಹೆಸರು ಬದಲಿಸುವುದನ್ನು. ಮನೆದೇವರ ಹೆಸರು, ಮಗಳ ಹೆಸರು, ಒಳ್ಳೆಯದೇ. ನೋಂದಣಿ ಪತ್ರದಲ್ಲಿ, ವಿಮೆಯಲ್ಲಿ, ಬೋಟು ಎಲ್ಲಿದೆಯೆಂದು ತಿಳಿಸುವ ಟ್ರಾನ್ಸ್‌ಪಾಂಡರಿನ ದಾಖಲೆಯಲ್ಲಿ ಹೊಸ ಹೆಸರು ಬಂದ ಮೇಲೆ ಪೇಂಟರನ್ನು ಕರೆಯಿರಿ. ಮೈಮೇಲೆ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಇಟ್ಟುಕೊಂಡು ಹೊರಟ ಬೋಟನ್ನು ಕರಾವಳಿ ಕಾವಲು ಪೊಲೀಸರೋ ತಟರಕ್ಷಣಾ ಪಡೆಯವರೋ ತಡೆದರೆ ತಾಂಡೇಲರು ಅರ್ಧ ದಿನ ಉತ್ತರ ಕೊಡುತ್ತ ಕೂರಬೇಕಾಗುತ್ತದೆ, ಅಷ್ಟು ಹೊತ್ತೂ ಐಸ್ ಕರಗುತ್ತಿರುತ್ತದೆ.